ಬಿಟ್ಟ ಚೆಂಡುಗಳ ಕಾಲಂ

ನಮ್ಮೂರಿನಲ್ಲಿ ಎಸೆದದ್ದು ಬೀಳುವುದಿಲ್ಲ. ಕೈಜಾರಿದ್ದು ಬೀಳುತ್ತದೆ, ಅದಕ್ಕೇನೂ ಅಡ್ಡಿಯಿಲ್ಲ. ನನ್ನ ಮನೆಯಲ್ಲೇ ಎಷ್ಟು ಕಪ್ಪುಬಸಿ ಒಡೆದಿವೆಯೋ ಹೇಳಲಾರೆ. ಆದರೆ ಕೈಬೀಸಿ ಎಸೆದ ವಸ್ತು ಹೋಗುವಷ್ಟು ದೂರ ಹೋಗಿ, ಆಳೆತ್ತರಕ್ಕಿಂತ ಒಂದು ಮೊಳ ಮೇಲೆ ನಿಂತುಬಿಡುತ್ತದೆ. ಯಾರಾದರೂ ಕೈಚಾಚಿ ಹಿಡಿಯುವವರೆಗೂ ಅಲ್ಲೇ. ಹೀಗಾಗಿ ನಮ್ಮಲ್ಲಿ ಗಂಡಹೆಂಡಿರ ಜಗಳ ಮುಚ್ಚಿಡುವುದು ಕಷ್ಟ. ಸಿಟ್ಟಿನಲ್ಲಿ ಬೀಸಿದ ತಾಟು ಕಿಟಕಿ ದಾಟಿ ಓಣಿಯಲ್ಲಿ ನಿಂತರೆ, ಇಬ್ಬರಲ್ಲೊಬ್ಬರು ಸೋತು ಬಂದು ಇಳಿಸಿಕೊಳ್ಳುವ ತನಕ ಊರೆಲ್ಲ ಅದನ್ನು ನೋಡಿಕೊಂಡೇ ಓಡಾಡುತ್ತದೆ. ನಮ್ಮ ಎದುರು ಮನೆಯವರ ತಾಟು ಒಮ್ಮೆ ಹನ್ನೊಂದು ದಿನ ನಿಂತಿತ್ತು. ಅದರಲ್ಲಿ ಉಳಿದಿದ್ದ ಅನ್ನಕ್ಕೆ ಗುಬ್ಬಿಗಳು ಬಂದು ಹೋಗುತ್ತಿದ್ದವು. ಸೋಮವಾರಕ್ಕೊಮ್ಮೆ ಮುನಸಿಪಾಲಿಟಿಯ ಇಬ್ಬರು ಬಂದು, ಯಾರೂ ತಮ್ಮದೆನ್ನದ ಚಪ್ಪಲಿ, ಮಾವಿನ ವಾಟೆ, ಸುರುಳಿ ಸುತ್ತಿದ ಪೇಪರು ಎಲ್ಲ ಹಿಡಿದು ಗೋಣಿಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ.

ಹಳ್ಳದ ಸೇತುವೆ ದಾಟಿದರೆ ಹೀಗಿಲ್ಲ. ಅಲ್ಲಿ ಎಲ್ಲ ಊರುಗಳಂತೆ ಎಸೆದದ್ದೂ ಬೀಳುತ್ತದೆ. ಆ ಕಡೆಯವರು ನಮ್ಮನ್ನು ನೋಡಿ ನಗುತ್ತಾರೆ, ನಾವು ಅವರನ್ನು ನೋಡಿ ಅಯ್ಯೋ ಪಾಪ ಅನ್ನುತ್ತೇವೆ. ಇದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ, ಚೆಂಡಾಟವೊಂದನ್ನು ಬಿಟ್ಟು.

ಚೆಂಡಾಟವೆಂದರೆ ಎರಡೂ ತುದಿ ಚೂಪಾದ ತೊಗಲಿನ ಚೆಂಡಿನ ಆಟ. ಎಸೆಗಾರ ಹಿಂದೆ ನಿಂತು ಎಸೆಯುತ್ತಾನೆ. ತಡೆಗಾರರು ಎದುರಾಳಿಗಳನ್ನು ಎದೆಯಿಂದ ತಳ್ಳಿ ಅವನನ್ನು ಕಾಯುತ್ತಾರೆ. ಮೈದಾನದ ಅಂಚಿನಿಂದ ಓಡಿಬರುವ ಹಿಡಿಗಾರ ಚೆಂಡು ಹಿಡಿದು ಗೆರೆ ದಾಟುತ್ತಾನೆ. ಕಾಲೇಜಿನ ಕೊನೆಯ ವರ್ಷದ ಹುಡುಗರನ್ನು ನಗರದ ವೃತ್ತಿ ತಂಡಗಳು ವರ್ಷಕ್ಕೊಮ್ಮೆ ಆರಿಸಿಕೊಳ್ಳುತ್ತವೆ. ಆ ತಂಡಗಳ ಒಕ್ಕೂಟ ಊರಿಗೊಬ್ಬರು ಪರೀಕ್ಷಕರನ್ನು ಇಟ್ಟಿದೆ. ನಮ್ಮೂರಿಗೆ ನಾನು, ಅಂಬಕ್ಕ. ಮೂವತ್ತೊಂದು ವರ್ಷದಿಂದ ಹುಡುಗರ ಎತ್ತರ, ತೂಕ, ಅಂಗೈಯ ಅಗಲ, ನಲವತ್ತು ಗಜದ ಓಟ, ಪೆಟ್ಟು ತಿಂದ ಮೇಲೆ ಏಳಲು ಹಿಡಿಯುವ ಹೊತ್ತು ಎಲ್ಲ ಅಳೆದು ಫಾರಂ ತುಂಬಿ ಕಳಿಸುತ್ತ ಬಂದವಳು. ಹೆಂಗಸಿಗೇನು ತಿಳಿಯುತ್ತದೆ ಅಂದವರಿದ್ದರು. ಅವರಲ್ಲಿ ಅರ್ಧ ಜನರ ಮಕ್ಕಳನ್ನು ನಾನೇ ಅಳೆದಿದ್ದೇನೆ.

ಆ ಫಾರಮಿನ ಒಂಬತ್ತನೆಯ ಕಾಲಂ ಹೆಸರು ‘ಬಿಟ್ಟ ಚೆಂಡುಗಳು’. ಹಿಡಿಗಾರನ ಕೈಗೆ ಸಿಗದೆ ನೆಲಕ್ಕೆ ಬಿದ್ದ ಚೆಂಡು ಎಷ್ಟು ಎಂಬುದನ್ನು ಅಲ್ಲಿ ಬರೆಯಬೇಕು. ನಾನು ಸೊನ್ನೆ ಬರೆದು ಕಳಿಸಿದರೆ ಒಕ್ಕೂಟದವರು ಅದರ ಮೇಲೆ ಕೆಂಪು ಗೆರೆ ಎಳೆದು ‘ಅನ್ವಯಿಸದು’ ಎಂದು ಬರೆದು ಹಿಂದಕ್ಕೆ ಕಳಿಸುತ್ತಾರೆ. ನಿಮ್ಮಲ್ಲಿ ಚೆಂಡು ಬೀಳುವುದೇ ಇಲ್ಲವಲ್ಲ, ಇನ್ನು ಬಿಡುವ ಮಾತೆಲ್ಲಿ ಬಂತು ಎಂಬುದು ಅವರ ವಾದ. ಒಂಬತ್ತನೆಯ ಕಾಲಂ ತುಂಬದ ಫಾರಂ ಹಿಡಿಗಾರನದಾದರೆ ನೇರ ಕಸದ ಬುಟ್ಟಿಗೆ. ತಡೆಗಾರನದಾದರೆ ತೊಂದರೆಯಿಲ್ಲ, ತಡೆಗಾರ ಚೆಂಡು ಮುಟ್ಟುವುದಿಲ್ಲವಲ್ಲ. ನಲವತ್ತು ವರ್ಷದಲ್ಲಿ ನಮ್ಮೂರಿನ ಒಬ್ಬ ಹಿಡಿಗಾರನೂ ನಗರದ ಮೈದಾನದಲ್ಲಿ ಓಡಿಲ್ಲ.

ಇಲ್ಲಿ ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನನ್ನ ಕಾಲದಲ್ಲಿ ಆರು ಜನ ಒಳ್ಳೆಯ ಹಿಡಿಗಾರರು ಬಂದರು. ಆರೂ ಜನರನ್ನು ನಾನು ಫಾರಮಿನಲ್ಲಿ ತಡೆಗಾರ ಎಂದು ಬರೆದೆ. ಹೇಗಾದರೂ ಹೋಗಲಿ, ನೌಕರಿಯಾಗಲಿ ಅಂತ. ಎಲ್ಲರೂ ಆಯ್ಕೆಯಾದರು, ಅವರ ಮನೆಯವರು ಬಂದು ನನಗೆ ಸೀರೆ ಉಡಿಸಿದರು. ಕೊನೆಯವನು ಚನ್ನಮಲ್ಲ. ಗಾಳಿಯಂಥ ಹುಡುಗ, ತಡೆಗಾರನ ಮೈಯೇ ಅಲ್ಲ ಅವನದು. ಏಳು ವರ್ಷ ತನಗಿಂತ ಎರಡು ಪಟ್ಟು ತೂಕದವರಿಗೆ ಎದೆಯೊಡ್ಡಿ, ಎರಡೂ ಮೊಣಕಾಲು ಕೆಡಿಸಿಕೊಂಡು ಊರಿಗೆ ಬಂದ. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದಾನೆ. ಹನ್ನೊಂದು ವರ್ಷದಿಂದ ನನ್ನ ಸೈಕಲ್ಲಿಗೆ ಗಾಳಿ ಹಾಕಿಕೊಡುತ್ತಾನೆ. ಒಂದು ದಿನವೂ ಒಂದು ಮಾತು ಅಂದವನಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಹೀಗಿರುವಾಗ ಫಕೀರೇಶ ಬಡಿಗೇರ ಬಂದ. ಐದಡಿ ಆರಂಗುಲ, ಐವತ್ತೊಂಬತ್ತು ಕಿಲೋ. ಮೊದಲ ವರ್ಷ ಅವನನ್ನು ನೋಡಿದಾಗ ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ನಮ್ಮೂರಿನ ಆಟ ನಿಮಗೆ ಗೊತ್ತಿರಲಿಕ್ಕಿಲ್ಲ. ಚೆಂಡು ಎಲ್ಲಿಯೋ ಹೋಗಿ ನಿಲ್ಲುತ್ತದೆ, ಎರಡೂ ಕಡೆಯವರು ಅದರ ಕೆಳಗೆ ಗುಂಪಾಗಿ ಮೊಣಕೈಯಲ್ಲಿ ತಿವಿದಾಡುತ್ತಾರೆ, ಕೊನೆಗೆ ಎತ್ತರದವನ ಕೈಗೆ ಸಿಗುತ್ತದೆ. ಆ ಗುಂಪಿನೊಳಗೆ ಫಕೀರೇಶನ ಮೂಗು ಎರಡು ಸಲ ಮುರಿಯಿತು. ಎರಡನೆಯ ವರ್ಷ ಬಂದವನು ಬೇರೆಯೇ ಆಟ ಆಡಿದ. ಚೆಂಡು ನಿಲ್ಲುವುದನ್ನು ಕಾಯುವುದನ್ನೇ ಬಿಟ್ಟ. ಅದು ಇನ್ನೂ ಹಾರುತ್ತಿರುವಾಗಲೇ ದಾರಿಗೆ ಅಡ್ಡ ಹೋಗಿ, ಓಡುತ್ತಲೇ ಕಿತ್ತುಕೊಂಡು ಹೋಗತೊಡಗಿದ. ಉಳಿದವರು ಚೆಂಡು ಎಲ್ಲಿ ನಿಂತೀತೆಂದು ಮೇಲೆ ನೋಡುತ್ತಿದ್ದರು, ಇವನು ಗೆರೆ ದಾಟಿ ನೀರು ಕುಡಿಯುತ್ತಿದ್ದ.

ಪಂದ್ಯ ಮುಗಿದ ಮೇಲೆ ಕರೆದು ಕೇಳಿದೆ.

“ನಿಂತ ಚೆಂಡು ಯಾಕ ಹಿಡಿಯಂಗಿಲ್ಲೋ?”

“ನಿಂತದ್ದನ್ನ ಯಾರರ ಹಿಡೀತಾರ್ರಿ ಅಕ್ಕಾರ,” ಅಂದ. ಆಮೇಲೆ ಮೂಗು ಮುಟ್ಟಿಕೊಂಡು, “ಮತ್ತ ಇದೂ ಒಂದು ಉಳೀಬೇಕಲ್ರಿ,” ಅಂದ.

ಅವತ್ತಿನಿಂದ ಎರಡು ವರ್ಷ ಗಡಿಯಾರ ಹಿಡಿದು ಅವನ ಬೆನ್ನು ಬಿದ್ದೆ. ಅವನ ದೋಷಗಳನ್ನೂ ಬರೆದಿಟ್ಟೆ, ಮುಚ್ಚಿಡಲಿಲ್ಲ. ಗೆರೆಯ ಮೇಲೆ ಭುಜ ಹಿಡಿದು ಒತ್ತಿದರೆ ತಡಬಡಿಸುತ್ತಾನೆ. ದಣಿದಾಗ ಯಾವಾಗಲೂ ಎಡಕ್ಕೇ ತಿರುಗುತ್ತಾನೆ. ತರಬೇತುದಾರರಿಗೆ ಎದುರು ಮಾತಾಡುತ್ತಾನೆ, ಅದೂ ಮಾತು ಸರಿಯಾಗಿರುತ್ತದೆ, ಅದಕ್ಕೇ ಅವರಿಗೆ ಹೆಚ್ಚು ಸಿಟ್ಟು. ಆದರೆ ಅವನ ಕಾಲುಗಳನ್ನು ನೋಡಬೇಕು. ಪೂರ್ಣ ವೇಗದಲ್ಲಿ ಹೋಗುತ್ತಿದ್ದವನು ಎರಡೇ ಹೆಜ್ಜೆಯಲ್ಲಿ ನಿಂತು ತಿರುಗಿಬಿಡುತ್ತಿದ್ದ. ಬಲಕ್ಕೆ ಕಣ್ಣು ಹಾಯಿಸಿದರೆ ಎದುರಾಳಿ ಬಲಕ್ಕೆ ಓಡುತ್ತಿದ್ದ, ಇವನು ಎಡಕ್ಕೆ. ಕಾಲೇಜಿನ ಕೊನೆಯ ಎರಡು ವರ್ಷದಲ್ಲಿ ನೂರಾ ಹದಿನಾಲ್ಕು ಚೆಂಡು ಹಿಡಿದ. ನೂರಾ ಹದಿನಾಲ್ಕೂ ಹಾರುತ್ತಿದ್ದವು. ಒಂದೂ ನಿಂತದ್ದಲ್ಲ.

ನನಗೆ ತಲೆ ತಿರುಗಿದ್ದು ಆ ಅಂಕಿಯಿಂದ. ಹಾರುವ ಚೆಂಡಿಗೆ ನಮ್ಮೂರೇನು, ಪರವೂರೇನು? ಫಾರಮಿನ ಸ್ಥಾನದ ಕಾಲಮಿನಲ್ಲಿ ‘ಅಂಚಿನ ಹಿಡಿಗಾರ’ ಎಂದು ಬರೆದೆ. ಒಂಬತ್ತನೆಯ ಕಾಲಂ ಪಕ್ಕದಲ್ಲಿ ಸ್ಕೇಲಿಟ್ಟು ನಾನೇ ಇನ್ನೊಂದು ಕಾಲಂ ಎಳೆದು, ‘ಚೆಂಡು ನಿಲ್ಲುವ ಮೊದಲೇ ಹಿಡಿದದ್ದು: ೧೧೪’ ಎಂದು ತುಂಬಿ ಕಳಿಸಿದೆ. ಒಕ್ಕೂಟದ ಫಾರಮಿಗೆ ಕೈಯಿಂದ ಕಾಲಂ ಸೇರಿಸಿದ್ದಕ್ಕೆ ಹದಿನೈದು ದಿನಕ್ಕೆ ಒಬ್ಬರು ಬಸ್ಸಿಳಿದು ಬಂದರು.

ಅವರ ಹೆಸರು ಪದ್ಮನಾಭಯ್ಯ. ಒಕ್ಕೂಟದ ಮೇಲ್ವಿಚಾರಕರು. ಇಸ್ತ್ರಿ ಕೆಡದ ಮನುಷ್ಯ, ಮಾತೂ ಹಾಗೇ. ನಮ್ಮೋಣಿಯಲ್ಲಿ ತಲೆಯ ಮೇಲೆ ನಿಂತಿದ್ದ ಒಂದು ಚಪ್ಪಲಿಯನ್ನು ನೋಡಿ, ಪಕ್ಕಕ್ಕೆ ಸರಿದು, ಕುರ್ಚಿ ಒರೆಸಿ ಕೂತರು.

“ನೋಡಿ ಅಮ್ಮ, ನೀವು ಸೀನಿಯರ್ರು. ಹುಡುಗ ಚೆನ್ನಾಗಿರಬಹುದು, ನಾನಿಲ್ಲ ಅನ್ನಲ್ಲ. ಆದ್ರೆ ಬೀಳೋ ಚೆಂಡನ್ನ ಅವನು ಜನ್ಮದಲ್ಲಿ ನೋಡಿಲ್ಲ. ಒಂಬತ್ತನೇ ಕಾಲಂ ತುಂಬಬೇಕು ಅಂದ್ರೆ ಸೇತುವೆ ಆಚೆ ಪರೀಕ್ಷೆ ಆಗ್ಬೇಕು. ಹನ್ನೆರಡು ಚೆಂಡು. ಮೂರರವರೆಗೆ ಬಿಟ್ರೆ ಹಿಡಿಗಾರ ಅಂತ ನಾನೇ ಸಹಿ ಹಾಕ್ತೀನಿ. ನಾಲ್ಕು ಬಿಟ್ರೆ ಇಲ್ಲ. ನಮ್ಮ ಎಸೆಗಾರನನ್ನ ನಾನೇ ಕರೆಸ್ತೀನಿ.”

“ಬ್ಯಾಡ್ರಿ,” ಅಂದೆ. “ನಮ್ಮ ಹುಡುಗಗ ನಮ್ಮವನ ಎಸೀತಾನ.”

“ಯೋಚನೆ ಮಾಡಿ ಹೇಳಿ.”

“ಅದರಾಗ ಯೋಚನಿ ಏನದರಿ?”

ನನ್ನ ಬಾಯಿಗೆ ಬೀಗವಿಲ್ಲ. ಅವತ್ತು ಇದ್ದಿದ್ದರೆ ಒಳ್ಳೆಯದಿತ್ತು. ಪರೀಕ್ಷೆಗೆ ಒಂದು ವಾರವಿತ್ತು. ಫಕೀರೇಶನ ಎಸೆಗಾರ ಮೌಲಾ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇಬ್ಬರೂ ಮನೆಗೆ ಬಂದು, “ಅಕ್ಕಾರ, ಒಂದೆರಡು ದಿನ ಸೇತುವಿ ಆ ಕಡೆ ಹೋಗಿ ಎಸದು ನೋಡೋಣೇನ್ರಿ?” ಎಂದು ಕೇಳಿದರು. ನನಗೆ ರೇಗಿತು. ಅಲ್ಲಿಗೆ ಹೋಗಿ ಅಭ್ಯಾಸ ಮಾಡುವುದೆಂದರೆ ನಮಗೆ ಬರುವುದಿಲ್ಲ ಎಂದು ಒಪ್ಪಿಕೊಂಡಂತೆ. ಕಲಿಯುವುದೇನಿದೆ, ನೂರಾ ಹದಿನಾಲ್ಕು ಹಿಡಿದವನಿಗೆ? “ಇಲ್ಲೇ ಆಡ್ರಿ. ಅಲ್ಲಿ ಹೋಗಿ ಅವರ ಮುಂದ ಸಣ್ಣಾಗಬ್ಯಾಡ್ರಿ,” ಎಂದು ಕಳಿಸಿಬಿಟ್ಟೆ. ದೊಡ್ಡವಳ ಮಾತೆಂದು ಸುಮ್ಮನೆ ಹೋದರು. ಎದುರು ಮಾತಾಡುವ ಹುಡುಗ ಅವತ್ತೊಂದು ದಿನ ಎದುರಾಡಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಸೇತುವೆಯಾಚೆಯ ಹುಲ್ಲುಗಾವಲಿನಲ್ಲಿ ಗೆರೆ ಎಳೆದೆವು. ಪದ್ಮನಾಭಯ್ಯ ಮಡಚುವ ಕುರ್ಚಿ ತಂದಿದ್ದರು. ಮೌಲಾ ಚೆಂಡು ಹಿಡಿದು ನಿಂತ. ಫಕೀರೇಶ ಅಂಚಿನಿಂದ ಹೊರಟ. ಹದಿನೈದು ಗಜ ನೇರ, ಎಡಕ್ಕೊಂದು ನೋಟ, ಬಲಕ್ಕೆ ತಿರುವು, ಎರಡೇ ಹೆಜ್ಜೆ. ಮೌಲಾ ಎಸೆದ. ಫಕೀರೇಶ ತನ್ನ ಜಾಗಕ್ಕೆ ಸರಿಯಾದ ಹೊತ್ತಿಗೆ ಹೋಗಿ ಎದೆಯೆತ್ತರಕ್ಕೆ ಕೈಯೊಡ್ಡಿದ. ಚೆಂಡು ಅವನಿಗಿಂತ ಐದು ಹೆಜ್ಜೆ ಈಚೆಗೇ ನೆಲಕ್ಕೆ ಬಡಿಯಿತು.

ಎಸೆದ ಚೆಂಡು ನೆಲಕ್ಕೆ ಬಡಿಯುವ ಸದ್ದನ್ನು ನಾನು ನನ್ನ ಐವತ್ತೇಳು ವರ್ಷದಲ್ಲಿ ಕೇಳಿರಲಿಲ್ಲ. ಚೂಪು ತುದಿಯ ಚೆಂಡು ಅತ್ತ ಜಿಗಿದು ಇತ್ತ ಹೊರಳಿ ಕಂಟಿಯ ಹತ್ತಿರ ಹೋಗಿ ಬಿತ್ತು. ಮೌಲಾ ಕೈಯಿಂದ ಬಾಯಿ ಮುಚ್ಚಿಕೊಂಡ. ಪದ್ಮನಾಭಯ್ಯ ಒಂದು ಗೀಟು ಹಾಕಿದರು.

“ಜೋರು ಸಾಲದು, ಇನ್ನೂ ಜೋರ ಎಸಿಯೋ!” ಎಂದು ಕೂಗಿದೆ.

ಕೂಗಿದ್ದು ನಾನು. ಇದನ್ನು ಯಾರ ತಲೆಗೂ ಕಟ್ಟಲಾರೆ. ನಮ್ಮೂರಿನ ಎಸೆಗಾರರು ಚೆಂಡನ್ನು ಮೇಲಕ್ಕೆತ್ತಿ ಎಸೆಯುವುದಿಲ್ಲ, ಎತ್ತುವ ಅಗತ್ಯವೇ ಬಿದ್ದಿಲ್ಲ. ಸುತ್ತಿಗೆಯಿಂದ ಮೊಳೆ ಹೊಡೆದ ಹಾಗೆ ನೇರ, ಚಪ್ಪಟೆ ಎಸೆತ. ಸೇತುವೆಯ ಈಚೆ ಅದು ಹೋಗುವಷ್ಟು ದೂರ ಹೋಗುತ್ತದೆ. ಆಚೆ ನೆಲ ಅದನ್ನು ಅರ್ಧ ದಾರಿಯಲ್ಲೇ ಕರೆದುಕೊಳ್ಳುತ್ತದೆ. ನನಗದು ಹೊಳೆಯಲಿಲ್ಲ. ಮೌಲಾ ನನ್ನ ಮಾತು ಕೇಳಿ ಹಲ್ಲು ಕಚ್ಚಿ ಇನ್ನೂ ಜೋರಾಗಿ, ಇನ್ನೂ ಚಪ್ಪಟೆಯಾಗಿ ಎಸೆದ. ಎರಡನೆಯದು ಮೂರು ಹೆಜ್ಜೆ ಈಚೆ ಬಿತ್ತು. ಮೂರನೆಯದು ಫಕೀರೇಶನ ಪಾದಕ್ಕೆ ಬಡಿದು ಚಿಮ್ಮಿತು. ನಾಲ್ಕನೆಯದಕ್ಕೆ ಅವನು ಬಗ್ಗಿದ, ಬೆರಳಿಗೆ ತಾಗಿ ಜಾರಿತು. ನಮ್ಮಲ್ಲಿ ಯಾವ ಹಿಡಿಗಾರನಿಗೂ ಸೊಂಟದ ಕೆಳಗೆ ಕೈ ಹೋಗಿ ರೂಢಿಯಿಲ್ಲ.

ಪದ್ಮನಾಭಯ್ಯ ಪೆನ್ನಿನ ಕ್ಯಾಪು ಹಾಕಿದರು. “ನಾಲ್ಕಾಯ್ತಮ್ಮ.”

“ಹನ್ನೆರಡು ಅಂದಿದ್ರಿ.”

“ನಾಲ್ಕು ಬಿಟ್ಟ ಮೇಲೆ ಉಳಿದದ್ದು ಯಾಕೆ?”

“ಹನ್ನೆರಡಂದ್ರ ಹನ್ನೆರಡ. ಕೂಡ್ರಿ ಸುಮ್ಮ.”

ಅವರು ಕೂತರು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು, ಅದೂ ಕಾರಣವಿರಬಹುದು. ಮೌಲಾನ ಕಣ್ಣಲ್ಲಿ ನೀರು ಬಂದಿತ್ತು. ನಾನೇನೋ ಹೇಳಹೋದೆ. ಫಕೀರೇಶ ನನ್ನನ್ನು ದಾಟಿಕೊಂಡು ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ.

“ಅಕ್ಕಾರ ಹೇಳಿದ್ದ ಬಿಡು. ನಿನಗ ಹೆಂಗ ರೂಢಿ ಅದನೋ ಹಂಗ ಎಸಿ. ಎಲ್ಲಿ ಬೀಳ್ತದ ನಾ ನೋಡ್ಕೋತೀನಿ.”

ಐದನೆಯ ಚೆಂಡಿಗೆ ಅವನು ಹತ್ತೇ ಗಜ ಓಡಿ ಥಟ್ಟನೆ ತಿರುಗಿ ವಾಪಸು ಬಂದ. ಮಂಡಿಯೂರಿ ನೆಲಕ್ಕಿಂತ ಒಂದು ಗೇಣು ಮೇಲೆ ಹಿಡಿದ. ಆರನೆಯದಕ್ಕೆ ಅಡ್ಡಡ್ಡಲಾಗಿ ಬಿದ್ದ, ಅಂಗಿ ಹರಿಯಿತು, ಚೆಂಡು ಎದೆಯ ಕೆಳಗಿತ್ತು. ಏಳು, ಎಂಟು. ಪ್ರತಿ ಸಲವೂ ಬೀಳುವ ಜಾಗವನ್ನು ಒಂದಿಷ್ಟು ಮುಂಚೆ ತಿಳಿದುಕೊಳ್ಳುತ್ತಿದ್ದ. ನಾಲ್ಕು ಚೆಂಡಿನಲ್ಲಿ ಒಂದು ನೆಲದ ಸ್ವಭಾವವನ್ನೇ ಕಲಿತುಬಿಟ್ಟಿದ್ದ. ನಾನು ಮೂವತ್ತೊಂದು ವರ್ಷದಲ್ಲಿ ಅಂಥದ್ದನ್ನು ಕಂಡಿಲ್ಲ, ಬರೆಯಲು ಫಾರಮಿನಲ್ಲಿ ಕಾಲಮೂ ಇಲ್ಲ. ಹನ್ನೆರಡನೆಯದನ್ನು ಮೈಚೆಲ್ಲಿ ಬಲಗೈಯ ಮೂರು ಬೆರಳಲ್ಲಿ ಹಿಡಿದು, ಹುಲ್ಲಿನ ಮೇಲೆ ಉರುಳಿ, ಎದ್ದು ಗೆರೆ ದಾಟಿದ. ಪದ್ಮನಾಭಯ್ಯ ಕುರ್ಚಿಯಿಂದ ಯಾವಾಗ ಎದ್ದು ನಿಂತಿದ್ದರೋ ಅವರಿಗೂ ಗೊತ್ತಿರಲಿಲ್ಲ.

“ಬರೀರಿ,” ಅಂದೆ. “ಕಂಡದ್ದ ಬರೀರಿ.”

ಅವರು ಕೂತುಕೊಂಡರು. “ನಾನು ಕಂಡದ್ದು ಬರೆಯೋಕೆ ಬಂದಿಲ್ಲಮ್ಮ. ಕಾಲಂ ತುಂಬೋಕೆ ಬಂದಿದೀನಿ. ನಾಲ್ಕು ಅಂದ್ರೆ ನಾಲ್ಕು.” ಆಮೇಲೆ ನಿಜವಾದ ಕಳಕಳಿಯಿಂದಲೇ, “ಒಂದು ಕೆಲಸ ಮಾಡೋಣ. ತಡೆಗಾರ ಅಂತ ಬರೆಯಿರಿ, ಇಲ್ಲೇ ಸಹಿ ಹಾಕಿ ಹೋಗ್ತೀನಿ. ಇಂಥ ಕಾಲಿರೋ ಹುಡುಗ ಖಂಡಿತ ಆಯ್ಕೆ ಆಗ್ತಾನೆ. ನೀವು ಮೊದಲೂ ಹಾಗೇ ಬರೆದಿದೀರಲ್ಲ,” ಅಂದರು.

ಅವರು ಕುಟುಕಲು ಹೇಳಿದ್ದಲ್ಲ. ಆದರೂ ಮುಖಕ್ಕೆ ಹೊಡೆದಂತಾಯಿತು. ಫಕೀರೇಶ ಮೊಣಕೈಯ ರಕ್ತ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ. ಫಾರಂ ತೆಗೆದುಕೊಂಡೆ. ಸ್ಥಾನದ ಕಾಲಮಿನಲ್ಲಿ ದೊಡ್ಡಕ್ಷರದಲ್ಲಿ ‘ಅಂಚಿನ ಹಿಡಿಗಾರ’ ಎಂದು ಬರೆದೆ. ಒಂಬತ್ತನೆಯ ಕಾಲಮಿನಲ್ಲಿ ‘ನಾಲ್ಕು. ನಾಲ್ಕೂ ಪರೀಕ್ಷಕಿಯ ತಪ್ಪಿನಿಂದ. ನಂತರದ ಎಂಟರಲ್ಲಿ ಸೊನ್ನೆ’ ಎಂದು ಬರೆದು ಸಹಿ ಮಾಡಿದೆ. ಪದ್ಮನಾಭಯ್ಯ ಅದನ್ನು ಎರಡು ಸಲ ಓದಿ, ಸಹಿ ಹಾಕದೆ, ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು.

ಒಂದು ತಿಂಗಳ ಮೇಲೆ ಆಯ್ಕೆಯ ದಿನ ಬಂತು. ಮಧ್ಯಾಹ್ನ ಎರಡಕ್ಕೆ ರೇಡಿಯೋದಲ್ಲಿ ಹೆಸರು ಓದುತ್ತಾರೆ. ಹೆಸರು, ಊರು, ಸ್ಥಾನ, ಆರಿಸಿದ ತಂಡ. ಹೆಸರು ಓದಿದ ಕೂಡಲೇ ಆ ತಂಡದವರು ಫಾರಮಿನಲ್ಲಿರುವ ನಂಬರಿಗೆ ಫೋನು ಮಾಡುತ್ತಾರೆ, ಆಟಗಾರ ಹೂಂ ಅನ್ನಬೇಕು. ಬೇಡ ಅನ್ನಲೂಬಹುದು. ಅಂದರೆ ಅವನ ಹೆಸರು ಮತ್ತೆಂದೂ ಬರುವುದಿಲ್ಲ, ಮತ್ತು ಬೇಡವೆಂದ ಕಾರಣವನ್ನು ಅವನ ಮಾತಿನಲ್ಲೇ ರೇಡಿಯೋದಲ್ಲಿ ಓದುತ್ತಾರೆ. ಕೆಲವು ವರ್ಷದ ಹಿಂದೆ ಯಾವೂರಿನವನೋ ಒಬ್ಬ ‘ನಮ್ಮಜ್ಜಿ ಅಳ್ತಾಳ’ ಎಂದದ್ದನ್ನು ಹಾಗೆಯೇ ಓದಿ ನಾಡೆಲ್ಲ ನಕ್ಕಿತ್ತು. ಅದಾದ ಮೇಲೆ ಬೇಡವೆನ್ನುವ ಉಸಾಬರಿಗೆ ಯಾರೂ ಹೋಗಿಲ್ಲ.

ಫಾರಮಿನಲ್ಲಿ ನಾನು ಕೊಟ್ಟಿದ್ದು ಚನ್ನಮಲ್ಲನ ಅಂಗಡಿಯ ನಂಬರು. ಅಲ್ಲಿ ರೇಡಿಯೋವೂ ಇತ್ತು. ಫಕೀರೇಶ ಬಾಗಿಲ ಹತ್ತಿರ ಕಾಲುಚಾಚಿ ಕೂತಿದ್ದ, ಮೊಣಕೈಯ ಗಾಯ ಒಣಗಿತ್ತು. ಚನ್ನಮಲ್ಲ ಒಂದು ಚಕ್ರ ತಿರುವಿ ತಿರುವಿ ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದ. ನಾನು ಸ್ಟೂಲಿನ ಮೇಲೆ, ಫಾರಮುಗಳ ಚೀಲ ತೊಡೆಯ ಮೇಲೆ. ಹಿಡಿಗಾರರ ಪಟ್ಟಿ ಓದಿ ಮುಗಿಸಿದರು. ಇಪ್ಪತ್ತೆರಡು ಹೆಸರು, ಇವನದಿಲ್ಲ. ತಡೆಗಾರರ ಪಟ್ಟಿ ಶುರುವಾಯಿತು. ಒಂಬತ್ತನೆಯ ಹೆಸರಾಗಿ ಫಕೀರೇಶ ಬಡಿಗೇರ ಎಂದಿತು ರೇಡಿಯೋ. ನಮ್ಮೂರಿನ ಹೆಸರು. ಸ್ಥಾನ, ತಡೆಗಾರ. ತಂಡವೂ ಸಣ್ಣದಲ್ಲ, ಎರಡು ಸಲ ಗೆದ್ದದ್ದು.

ಪದ್ಮನಾಭಯ್ಯ ತಿದ್ದಿದ್ದರು. ಒಳ್ಳೆಯದಾಗಲೆಂದೇ ತಿದ್ದಿರಬೇಕು, ನಾನು ಆರು ಸಲ ಮಾಡಿದಂತೆ.

ಫೋನು ಹೊಡೆದುಕೊಂಡಿತು. ಫಕೀರೇಶ ಎದ್ದು ಹೋದ, ಎತ್ತಿಕೊಳ್ಳಲಿಲ್ಲ. “ಅವ್ವ ಹೇಳ್ಯಾಳ, ಏನ ಅಂದ್ರೂ ಹೂಂ ಅಂದುಬಿಡು ಅಂತ,” ಅಂದ.

ಅಷ್ಟು ದಿನ ಎದೆಯುಬ್ಬಿಸಿ ಓಡಾಡಿದವಳು ನಾನು. ಆ ಗಂಟೆಯ ಸದ್ದಿಗೆ ನನ್ನ ಜೀವ ಬಾಯಿಗೆ ಬಂತು. ಇಪ್ಪತ್ತೊಂದು ವರ್ಷದ ಹುಡುಗ, ಇದೊಂದೇ ಸಲದ ಕರೆ, ಬಾಗಿಲು ಮುಚ್ಚಿದರೆ ಮುಚ್ಚಿತು. ನನ್ನ ಹಟಕ್ಕೆ ಈಗಾಗಲೇ ನಾಲ್ಕು ಚೆಂಡು ಹೋಗಿವೆ. “ಹೂಂ ಅನ್ನಪಾ,” ಅಂದೆ. “ಹೋಗು. ನನ್ನ ಮಾತು ಕಟ್ಟಿಕೋಬ್ಯಾಡ.”

ಅವನು ತಿರುಗಿ ನೋಡಿದ. “ಅಕ್ಕಾರ, ನೀವು ಫಾರಮಿನ್ಯಾಗ ಬರದದ್ದು ಖರೇನೋ ಸುಳ್ಳೋ?”

“ಖರೇ.”

“ಮತ್ತ?”

ಅವನು ಫೋನೆತ್ತಿದ. ಆ ಕಡೆಯ ದನಿ ದೊಡ್ಡದಿತ್ತು, ನಮಗೂ ಕೇಳುತ್ತಿತ್ತು. ಅಭಿನಂದನೆ, ಸೋಮವಾರ ಬಂದು ಸೇರಿಕೊಳ್ಳಬೇಕು, ಇರಲು ಕೋಣೆ, ಎಲ್ಲ ಹೇಳಿ ಮುಗಿಸಿ ಅದು ಹೂಂಗಾಗಿ ಕಾಯಿತು.

“ಸರ, ನಾ ತಡೆಗಾರ ಅಲ್ರಿ,” ಅಂದ ಫಕೀರೇಶ. “ನಾ ಅಂಚಿನ ಹಿಡಿಗಾರ. ಹಂಗ ಕರದ್ರ ಇವತ್ತ ಬಸ್ ಹತ್ತೀನಿ.”

ಪಟ್ಟಿಯಲ್ಲಿ ಓದಿದ್ದು ಬದಲಾಗುವುದಿಲ್ಲ, ಬಂದು ಸೇರು, ಆಮೇಲೆ ನೋಡೋಣ ಎಂದಿತು ದನಿ. ಚನ್ನಮಲ್ಲ ಚಕ್ರ ತಿರುವುವುದನ್ನು ನಿಲ್ಲಿಸಿದ್ದ.

“ಆಮ್ಯಾಲಿನದು ನನಗ ಗೊತ್ತದರಿ. ಆಮ್ಯಾಲ ಏನಾಗ್ತದ ಅಂತ ಇಲ್ಲೇ ನನ್ನ ಬಾಜೂಕ ಕೂತದ. ಬ್ಯಾಡ್ರಿ.”

ಬೇಡವೆಂದರೆ ಮತ್ತೆ ಕರೆಯುವುದಿಲ್ಲ, ಗೊತ್ತಿದೆಯೇ? ಗೊತ್ತದ್ರಿ. ಕಾರಣ ಏನೆಂದು ಬರೆದುಕೊಳ್ಳಲಿ? ಫಕೀರೇಶ ನಿಧಾನವಾಗಿ, ಬರೆದುಕೊಳ್ಳುವವರಿಗೆ ಹೇಳುವ ಹಾಗೆ ಹೇಳಿ ಫೋನಿಟ್ಟ. ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ನಿಂತ.

ರೇಡಿಯೋ ಇನ್ನೂ ಐದು ಹೆಸರು ಓದಿತು. ಆಮೇಲೆ ಕಾಗದ ಸರಿಸಿದ ಸದ್ದು. ಪರಿಷ್ಕರಣೆ, ಎಂದಳು ಓದುವಾಕೆ. ಫಕೀರೇಶ ಬಡಿಗೇರ, ಎಂದು ನಮ್ಮೂರಿನ ಹೆಸರನ್ನೂ ಓದಿ, ಆಯ್ಕೆಯನ್ನು ಒಪ್ಪಿಕೊಂಡಿಲ್ಲ ಎಂದಳು. ಕಾರಣ ಆಟಗಾರನ ಮಾತಿನಲ್ಲಿ: ‘ನಾನು ಅಂಚಿನ ಹಿಡಿಗಾರ. ಹನ್ನೆರಡರೊಳಗ ನಾಲ್ಕು ಬಿಟ್ಟೀನಿ, ಎಂಟು ಹಿಡದೀನಿ. ನಮ್ಮೂರಾಗ ನನ್ನಂಥಾವರು ಮೊದಲೂ ಇದ್ದರು.’

ಆಕೆ ನಗಲಿಲ್ಲ. ಮುಂದಿನ ಹೆಸರಿಗೆ ಹೋದಳು. ನಾಡಿನ ಅಷ್ಟೂ ರೇಡಿಯೋಗಳಲ್ಲಿ, ನಲವತ್ತು ವರ್ಷದಲ್ಲಿ ಮೊದಲ ಸಲ, ನಮ್ಮೂರಿನ ಹೆಸರಿನ ಜೊತೆ ಹಿಡಿಗಾರ ಎಂಬ ಮಾತು ಹೋಗಿತ್ತು. ಒಕ್ಕೂಟದವರದೇ ನಿಯಮ, ಓದದೆ ಗತಿಯಿರಲಿಲ್ಲ. ನನಗೆ ಜೋರಾಗಿ ಅಳು ಬಂತು, ಅತ್ತೆ. ಫಕೀರೇಶ ಬಾಗಿಲಿಗೆ ಒರಗಿಸಿದ್ದ ಒಂದು ಸೈಕಲ್ ಎಳೆದುಕೊಂಡ. “ಮೌಲಾ ಸೇತುವಿ ಆ ಕಡೆ ಕಾಯಕತ್ತಿರ್ತಾನ್ರಿ. ಮ್ಯಾಲೆ ಎತ್ತಿ ಎಸಿಯೋದು ಕಲಿಯಾಕತ್ಯಾನ,” ಎಂದು ಹತ್ತಿ ಹೊರಟುಹೋದ.

ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಚನ್ನಮಲ್ಲ ರೇಡಿಯೋ ಆರಿಸಿದ. ಕುಂಟುತ್ತ ಬಂದು ಮತ್ತೆ ಚಕ್ರದ ಮುಂದೆ ಕೂತ.

“ನಾನೂ ಹಿಡಿಗಾರನ ಇದ್ದೆ, ಅಕ್ಕಾ,” ಅಂದ.

“ಹೌದು. ನನಗ ಗೊತ್ತಿತ್ತು. ಗೊತ್ತಿದ್ದೂ ಬರೀಲಿಲ್ಲ.”

ಅವನು ಚಕ್ರವನ್ನು ಒಂದು ಸುತ್ತು ತಿರುವಿ, ಅದು ನಿಲ್ಲುವ ತನಕ ನೋಡಿದ.

“ಈಗರ ಬರೀರಿ,” ಅಂದ.

ಚೀಲದಿಂದ ಹೊಸ ಫಾರಂ ತೆಗೆದೆ. ಅವನ ಹೆಸರು ಬರೆದೆ, ಎತ್ತರ ಬರೆದೆ, ಅಂಗೈ ಅಗಲಕ್ಕೆ ಅವನ ಗ್ರೀಸು ಹತ್ತಿದ ಕೈ ಹಿಡಿದು ಅಳೆದು ಬರೆದೆ. ಸ್ಥಾನದ ಕಾಲಂ ತುಂಬುವಾಗ ಅವನು ನನ್ನ ಹೆಗಲ ಮೇಲಿಂದ ಬಗ್ಗಿ ಒಂದೊಂದೇ ಅಕ್ಷರ ನೋಡುತ್ತಿದ್ದ.